ಜನ ಬಿಟ್ಟುಹೋದ ಹಳ್ಳಿಗಳಲ್ಲಿ ನಿಮಗೆ ಇಷ್ಟವಾದದ್ದು ಯಾವುದು?

ಹಾಳೂರ ಹುಚ್ಚ:
ಪಾಳುಬಿದ್ದ ಹಳ್ಳಿ ಅಂತ ಹುಡುಕಿದರೆ ಎಲ್ಲೆಲ್ಲೂ ಅವೇ ನಾಲ್ಕು ಚಿತ್ರ. ಮನೆಮನೆಗೂ ಬಳ್ಳಿ ಹಬ್ಬಿದ ಚೀನಾದ ಹೌತೌವಾನ್, ಗುಡ್ಡದ ನೆತ್ತಿಗೆ ಅಂಟಿಕೊಂಡ ಇಟಲಿಯ ಕ್ರಾಕೊ. ಚೆಂದವೇ, ಇಲ್ಲ ಅನ್ನಲ್ಲ. ಆದರೆ ನಿಧಾನಕ್ಕೆ ನಡೆದು ನೋಡುವಂಥದ್ದು, ಜನ ಯಾಕೆ ಹೋದರು ಅನ್ನೋದು ನೆಲದಲ್ಲೇ ತಿಳಿಯುವಂಥದ್ದು ಇದ್ದರೆ ಹೇಳಿ. ದೆವ್ವದ ಕಥೆ ಖಂಡಿತ ಬೇಡ.

ಹುಲ್ಲುಹಾದಿ:
ಹಾಗಾದರೆ ಇಂಗ್ಲೆಂಡಿನ ಯಾರ್ಕ್‌ಶೈರ್‌ನ ವಾರಮ್ ಪರ್ಸಿ. ಮೊದಲೇ ಹೇಳಿಬಿಡ್ತೀನಿ, ಅಲ್ಲಿ ನೋಡೋಕೆ ಹೆಚ್ಚೇನೂ ಇಲ್ಲ. ಕಾರು ನಿಲ್ಲಿಸಿ ಸುಮಾರು ಒಂದು ಕಿಲೋಮೀಟರ್ ಇಳಿದು ನಡೆದರೆ ಸೂರಿಲ್ಲದ ಒಂದು ಚರ್ಚು. ಅದರ ಗೋಪುರವೂ ಅರ್ಧವೇ, ಇನ್ನರ್ಧ 1959ರಲ್ಲಿ ಬಿದ್ದುಹೋಯಿತು. ಉಳಿದದ್ದೆಲ್ಲ ಹುಲ್ಲು. ನನ್ನ ಜೊತೆ ಬಂದವರು ಅಲ್ಲಿ ನಿಂತು, "ಊರೆಲ್ಲಿ?" ಅಂತ ಕೇಳಿದರು. ನಾವು ನಿಂತಿದ್ದು ಊರ ನಡುವೆಯೇ!

ಮಧ್ಯಾಹ್ನ ಹೋದರೆ ಬರೀ ಹುಲ್ಲುಗಾವಲು. ಹೊತ್ತು ಇಳಿದ ಮೇಲೆ ನೋಡಿ. ಗೇಣುದ್ದದ ದಿಬ್ಬವೂ ನೆರಳು ಚೆಲ್ಲುತ್ತದೆ, ಒಂದೊಂದೇ ಮನೆಯ ತಳಪಾಯ ಎದ್ದು ಕಾಣತೊಡಗುತ್ತದೆ. ಮನೆ ಹಿಂದೆ ಹಿತ್ತಲು, ಹಿತ್ತಲಿಗೆ ಮಣ್ಣಿನ ಬದು. ದನ, ಗಾಡಿ, ಕಾಲು ತುಳಿದೂ ತುಳಿದೂ ತಗ್ಗಾದ ಬೀದಿ ಇನ್ನೂ ಹಾಗೇ ಇದೆ, ಇಳಿದು ನಡೆಯಬಹುದು. ಹುಲ್ಲು ಗಿಡ್ಡಗಿರುವ ಚಳಿಗಾಲ ಇದಕ್ಕೆ ಒಳ್ಳೇದು.

ಇತಿಹಾಸಕಾರ ಮಾರಿಸ್ ಬೆರೆಸ್‌ಫರ್ಡ್, ಪುರಾತತ್ವಜ್ಞ ಜಾನ್ ಹರ್ಸ್ಟ್ ಇಬ್ಬರೂ ಸೇರಿ 1950ರಿಂದ 1990ರವರೆಗೆ ಬೇಸಿಗೆ ಬೇಸಿಗೆಗೂ ಇಲ್ಲಿ ಅಗೆದರು. ಯಾರನ್ನು ಕೇಳಿದರೂ ಪ್ಲೇಗಿಗೆ ಊರು ಹಾಳಾಯಿತು ಅಂತಾರೆ. 1348-49ರ ಪ್ಲೇಗು ಬಂದದ್ದು ನಿಜ, ಆದರೆ ಅದಾದ ಮೇಲೂ ಊರು ನೂರು ವರ್ಷಕ್ಕೂ ಹೆಚ್ಚು ಬದುಕಿತ್ತು. ಕೊನೆಯ ಕುಟುಂಬಗಳನ್ನು ಎಬ್ಬಿಸಿದ್ದು 1500ರ ಆಸುಪಾಸಿನಲ್ಲಿ, ಜಮೀನುದಾರರು. ಉಳುಮೆಗಿಂತ ಉಣ್ಣೆಯಲ್ಲಿ ಲಾಭ. ಉಳೋಕೆ ಊರು ತುಂಬ ಜನ ಬೇಕು, ಕುರಿಗೆ ಒಬ್ಬ ಕುರುಬ ಸಾಕು. ನನಗೆ ಹಿಡಿಸಿದ್ದು ಇದರ ಮುಂದಿನ ಮಾತು: ಕುರಿ ಬಂದದ್ದರಿಂದಲೇ ಅಲ್ಲಿ ಮತ್ತೆ ನೇಗಿಲು ಹೂಡಲಿಲ್ಲ. ಹೂಡಿದ್ದರೆ ಈ ದಿಬ್ಬಗಳೆಲ್ಲ ಯಾವಾಗಲೋ ಮಟ್ಟವಾಗುತ್ತಿದ್ದವು. ಇಂಗ್ಲೆಂಡಿನಲ್ಲಿ ಇಂಥ ಮಧ್ಯಯುಗದ ಹಳ್ಳಿಗಳು ಸುಮಾರು 3,000 ಇವೆ, ಬಹಳಷ್ಟು ಕಡೆ ಒಂದು ಬೋರ್ಡೂ ಇಲ್ಲ.

ಕಡಲಕಾಗೆ:
ನನ್ನದು ಸ್ಕಾಟ್ಲೆಂಡಿನ ಸೇಂಟ್ ಕಿಲ್ಡಾ. ಉಳಿದಿದ್ದ 36 ಜನ ತಾವೇ ಸರ್ಕಾರಕ್ಕೆ ಬರೆದು ಕೇಳಿಕೊಂಡು 1930ರ ಆಗಸ್ಟ್ 29ರಂದು ದ್ವೀಪ ಬಿಟ್ಟರು. ಹಕ್ಕಿಮಾಂಸ ಒಣಗಿಸಿಡಲು ಕಟ್ಟಿದ ಕಲ್ಲಿನ ಗೂಡುಗಳು ಸಾವಿರಕ್ಕೂ ಹೆಚ್ಚು ಇವೆ. ಹೋಗುವುದು ಮಾತ್ರ ಸುಲಭವಲ್ಲ, ಸಮುದ್ರ ಒಪ್ಪಬೇಕು.

ಮುಳುಗಡೆ:
ಇಟಲಿಯ ಉತ್ತರಕ್ಕಿರುವ ಕುರೋನ್. 1950ರಲ್ಲಿ ಅಣೆಕಟ್ಟೆಯ ನೀರು ನಿಂತಿತು, ಹಳೇ ಗಂಟೆಗೋಪುರ ಮಾತ್ರ ಸರೋವರದ ನಡುವೆ ನಿಂತಿದೆ. ಚಳಿಗಾಲದ ರಾತ್ರಿ ಗಂಟೆ ಕೇಳಿಸುತ್ತದಂತೆ!

ಹಾಳೂರ ಹುಚ್ಚ:
ದೆವ್ವ ಬೇಡ ಅಂದಿದ್ದೆನಲ್ಲ ಮಾರಾಯರೆ 😀

ಹುಲ್ಲುಹಾದಿ:
ಮುಳುಗಡೆಯವರೇ, ನೀರು ತುಂಬುವ ಮೊದಲೇ ಆ ಗಂಟೆಗಳನ್ನು ಇಳಿಸಿದ್ದರು. ಇನ್ನು ಯಾವುದು ಬಾರಿಸಬೇಕು?

ಇನ್ನೊಂದು ಮಾತು. ಇಂಥ ಪಟ್ಟಿಗಳಲ್ಲಿ ಫ್ರಾನ್ಸಿನ ಒರಾದೂರ್ ಸುರ್ ಗ್ಲಾನನ್ನೂ ಸೇರಿಸುತ್ತಾರೆ. 1944ರ ಜೂನ್ 10ರಂದು ನಾಜಿ ಸೈನಿಕರು ಅಲ್ಲಿ 640ಕ್ಕೂ ಹೆಚ್ಚು ಜನರನ್ನು ಕೊಂದರು. ಸುಟ್ಟ ಊರನ್ನು ಸ್ಮಾರಕವಾಗಿ ಹಾಗೇ ಉಳಿಸಿದ್ದಾರೆ. ಹೋಗಿ, ಆದರೆ ದಯವಿಟ್ಟು "ನನ್ನ ಫೇವರಿಟ್" ಪಟ್ಟಿಗೆ ಹಾಕಬೇಡಿ.

ಹುಚ್ಚರೇ, ಇಂಗ್ಲೆಂಡಿಗೆ ಹೋಗುವುದಿದ್ದರೆ ಮನೆಯಲ್ಲೇ ಕೂತು ವಾರಮ್ ಪರ್ಸಿಯ ಲೈಡಾರ್ ನಕ್ಷೆ (ವಿಮಾನದಿಂದ ಲೇಸರ್ ಬೆಳಕು ಬಿಟ್ಟು ನೆಲ ಅಳೆದು ಮಾಡಿದ್ದು) ತೆಗೆದು ನೋಡಿ. ಉಚಿತವಾಗಿ ಸಿಗುತ್ತದೆ. ಹುಲ್ಲು, ಪೊದೆ ಎಲ್ಲ ಕಳೆದು ನೆಲದ ಏರುತಗ್ಗಷ್ಟೇ ತೋರಿಸುತ್ತದೆ, ಬೀದಿ ಯಾವುದು ಹಿತ್ತಲು ಯಾವುದು ಅಂತ ಗುರುತು ಹಾಕಿಕೊಂಡೇ ಹೊರಡಬಹುದು. ಡಾರ್ಸೆಟ್‌ನ ಟೈನಮ್‌ಗೂ ಹೋಗುವ ಆಸೆಯಿದ್ದರೆ ದಿನ ನೋಡಿಕೊಳ್ಳಿ. 1943ರಲ್ಲಿ ಯುದ್ಧದ ತಾಲೀಮಿಗೆಂದು ಖಾಲಿ ಮಾಡಿಸಿದ ಊರು, ಈಗಲೂ ಸೈನ್ಯದ ಗುಂಡಿನ ಅಭ್ಯಾಸದ ವಲಯದಲ್ಲಿದೆ. ಹೆಚ್ಚಾಗಿ ವಾರಾಂತ್ಯ, ರಜಾದಿನಗಳಲ್ಲಿ ಮಾತ್ರ ಗೇಟು ತೆರೆಯುತ್ತಾರೆ.