ಮನೆಯಲ್ಲೇ ರೆಸಿನ್ ಕೆಲಸ: ಕೈ, ಉಸಿರು ಜೋಪಾನ ಹೇಗೆ?

ಮದುವೆ ಹಾರದ ಹೂಗಳನ್ನು, ಕಲಸಿ ಸುರಿದರೆ ಗಾಜಿನಂತೆ ಗಟ್ಟಿಯಾಗುವ ಎಪಾಕ್ಸಿ ರೆಸಿನ್‌ನಲ್ಲಿ ಕೂರಿಸಿ ಫ್ರೇಮ್ ಮಾಡಿಕೊಡುವ ಕೆಲಸ ಶುರು ಮಾಡಿದ್ದೇನೆ. ಸದ್ಯಕ್ಕೆ ಮಲಗುವ ಕೋಣೆಯ ಮೂಲೆಯೇ ವರ್ಕ್‌ಶಾಪ್. ಬಾಟಲಿ ಮೇಲೆ ‘ವಾಸನೆ ಇಲ್ಲ’ ಅಂತಿದೆ, ಆದರೂ ಮಾಸ್ಕ್ ಬೇಕಾ? ಕೈಗೆ ಅಂಟಿದ್ದನ್ನು ಥಿನ್ನರ್ ಹಾಕಿ ಒರೆಸಬಹುದಾ? ಮಾಡಿ ಗೊತ್ತಿದ್ದವರು ಹೇಳಿ.

— ಥಿನ್ನರ್ ಬೇಡವೇ ಬೇಡ. ಅದು ರೆಸಿನ್ನನ್ನು ತೆಳ್ಳಗೆ ಮಾಡಿ ಚರ್ಮದೊಳಕ್ಕೆ ಇಳಿಸುತ್ತದೆ. ಒಣ ಟಿಶ್ಯೂನಲ್ಲಿ ಒರೆಸಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಎಲ್ಲರೂ ಮಾಸ್ಕ್ ಬಗ್ಗೆಯೇ ಕೇಳುತ್ತಾರೆ, ಜಾಸ್ತಿ ಜನಕ್ಕೆ ತೊಂದರೆ ಕೊಡುವುದು ಚರ್ಮ. ಅದೂ ಮೊದಲ ದಿನವೇ ಅಲ್ಲ. ತಿಂಗಳುಗಟ್ಟಲೆ ಏನೂ ಆಗಿರುವುದಿಲ್ಲ, ಇದ್ದಕ್ಕಿದ್ದಂತೆ ಮಣಿಕಟ್ಟು, ಕಣ್ಣಿನ ರೆಪ್ಪೆ ತುರಿಸಲು ಶುರುವಾಗುತ್ತದೆ. ಈ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಹೋಗುವುದಿಲ್ಲ, ಆಮೇಲೆ ಚೂರು ತಗುಲಿದರೂ ಸಾಕು. ನನ್ನ ಜೊತೆ ಮರ-ರೆಸಿನ್ ಟೇಬಲ್ ಮಾಡುತ್ತಿದ್ದವರೊಬ್ಬರು ಇದೇ ಕಾರಣಕ್ಕೆ ರೆಸಿನ್ ಬಿಟ್ಟು ಬರೀ ಮರಗೆಲಸ ಮಾಡುತ್ತಿದ್ದಾರೆ. ನೈಟ್ರೈಲ್ ಗ್ಲೌಸ್ ಹಾಕಿ, ಲೇಟೆಕ್ಸ್ ನಂಬಬೇಡಿ. ರೆಸಿನ್ ಅಂಟಿದರೆ ಗ್ಲೌಸ್ ಬದಲಿಸಿ, ಅದರಲ್ಲೇ ಫೋನ್ ಮುಟ್ಟಬೇಡಿ. ರೀಲ್ಸ್ ಮಾಡುವವರು ಈ ಮಾತು ಕೇಳುವುದಿಲ್ಲ ಬಿಡಿ.

— ಮೇಲಿನವರು ಹೇಳಿದ್ದು ಸರಿ, ಆದರೆ ಉಸಿರಿನ ವಿಷಯವನ್ನೂ ಸುಮ್ನೆ ಬಿಡುವಂತಿಲ್ಲ. ವಾಸನೆ ಬರದಿದ್ದರೆ ಅಪಾಯ ಇಲ್ಲ ಅಂತಲ್ಲ. ಎನ್95 ಧೂಳು ತಡೆಯುತ್ತದೆ, ಆವಿ ತಡೆಯುವುದಿಲ್ಲ. ಅದಕ್ಕೆ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ (ರಾಸಾಯನಿಕ ಆವಿ ಹೀರುವ ಡಬ್ಬಿ) ಇರುವ ರೆಸ್ಪಿರೇಟರ್ ಮಾಸ್ಕ್ ಬೇಕು. ಅದಕ್ಕೂ ಮೊದಲು ಮಲಗುವ ಕೋಣೆ ಬಿಡಿ. ರೆಸಿನ್ ಗಟ್ಟಿಯಾಗುತ್ತಿರುವ ಕಡೆ ರಾತ್ರಿಯಿಡೀ ಮಲಗುವುದು ಬೇಡ, ಅಲ್ವಾ? ಗಾಳಿಯಾಡುವ ಯುಟಿಲಿಟಿ ಇದ್ದರೆ ಅಲ್ಲಿಗೆ ಹೋಗಿ. ಇನ್ನು ನುಣುಪು ಮಾಡಲು ಉಜ್ಜುವಾಗ: ಮುಟ್ಟಿದರೆ ಗಟ್ಟಿ ಅನ್ನಿಸಿದರೂ ಪೂರ್ತಿ ಗಟ್ಟಿಯಾಗಲು ದಿನಗಳೇ ಬೇಕು. ಕಾದು, ನೀರು ಹಾಕಿ ವಾಟರ್ ಪೇಪರ್‌ನಲ್ಲಿ ಉಜ್ಜಿದರೆ ಧೂಳು ಏಳುವುದಿಲ್ಲ.

— ಬಿಸಿಯ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ರೆಸಿನ್‌ಗೆ ಹಾರ್ಡ್ನರ್ (ಅದನ್ನು ಗಟ್ಟಿ ಮಾಡುವ ಇನ್ನೊಂದು ದ್ರವ) ಸೇರಿದರೆ ತಾನಾಗಿಯೇ ಬಿಸಿಯಾಗುತ್ತದೆ. ಕಪ್ ತುಂಬಾ ಕಲಸಿ ಇಟ್ಟುಬಿಟ್ಟರೆ ಹೊಗೆಯಾಡಿ ಪ್ಲಾಸ್ಟಿಕ್ ಕಪ್ಪೇ ಕರಗಬಹುದು. ನಮ್ಮ ರಾಯಚೂರಿನ ಬೇಸಿಗೆಯಲ್ಲಂತೂ ಕೇಳಲೇಬೇಡಿ. ಸೆಕೆ 10 ಡಿಗ್ರಿ ಏರಿದರೆ ಕೆಲಸಕ್ಕೆ ಸಿಗುವ ಸಮಯ ಹೆಚ್ಚುಕಮ್ಮಿ ಅರ್ಧವಾಗುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಿ, ಮಿಕ್ಕಿದ್ದನ್ನು ಅಗಲವಾದ ತಟ್ಟೆಗೆ ತೆಳ್ಳಗೆ ಸುರಿದು ಹೊರಗಿಡಿ. ಬೇಗ ಗಟ್ಟಿಯಾಗಲಿ ಅಂತ ಹಾರ್ಡ್ನರ್ ಜಾಸ್ತಿ ಹಾಕಬೇಡಿ. ರೆಸಿನ್ ಎರಡು ಪಾಲು, ಹಾರ್ಡ್ನರ್ ಒಂದು ಪಾಲು ಅಂತಿದ್ದರೆ 2:1 ಅಂದರೆ 2:1, ಅದು ತೂಕದ ಲೆಕ್ಕವೋ ಅಳತೆಯ ಲೆಕ್ಕವೋ ಬಾಟಲಿ ನೋಡಿ. ಲೆಕ್ಕ ತಪ್ಪಿದ್ದು ಅಂಟಂಟಾಗಿಯೇ ಉಳಿಯುತ್ತದೆ, ಫ್ರೇಮ್ ಕೊಂಡವರ ಕೈಗೂ ಅದೇ ತಗುಲುತ್ತದೆ.

— ಒಂದು ಸೇರಿಸುತ್ತೇನೆ. ಕಲಸಿದ ಚಮಚ ಮತ್ತೆ ಅಡುಗೆಮನೆಗೆ ಹೋಗಬಾರದು. ಉಳಿದ ರೆಸಿನ್ನನ್ನು ಸಿಂಕಿಗೆ ಸುರಿಯಬೇಡಿ, ಪೂರ್ತಿ ಗಟ್ಟಿಯಾದ ಮೇಲೆ ಒಣ ಕಸಕ್ಕೆ ಹಾಕಿ.