ಕತ್ತಲೆ ಅಂದ್ರೆ ಪಾಪ ಅಂತಲೇ ಹೇಳಿಕೊಡಬೇಕಾ?

ಮಂಡಗದ್ದೆ ಟೀಚರ್

ವಾರವೆಲ್ಲ ಸ್ಕೂಲಲ್ಲಿ ಗಣಿತ, ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಲ್ಲಿ ಮಕ್ಕಳಿಗೆ ಧರ್ಮೋಪದೇಶ. ಐದರಿಂದ ಏಳನೇ ಕ್ಲಾಸಿನವರೆಲ್ಲ ಒಂದೇ ಕೋಣೆಯಲ್ಲಿ. ಈಸ್ಟರ್ ಜಾಗರಣೆ (ಈಸ್ಟರ್ ಹಿಂದಿನ ರಾತ್ರಿಯ ಪೂಜೆ) ಬರೋದರೊಳಗೆ ಬೆಳಕು–ಕತ್ತಲೆ ಪಾಠ ಮುಗಿಸಬೇಕು, ಅಲ್ಲೇ ಗಾಡಿ ನಿಂತಿದೆ.

ಬೋರ್ಡಿನ ನಡುವೆ ಗೆರೆ ಎಳೆದೆ. ಎಡಕ್ಕೆ ಬೆಳಕು: ದೇವರು, ಸತ್ಯ, ಪ್ರೀತಿ. ಬಲಕ್ಕೆ ಕತ್ತಲೆ: ಪಾಪ, ಸುಳ್ಳು, ಸೈತಾನ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ‘ಟೀಚರ್, ನಮ್ಮಪ್ಪ ರಾತ್ರಿ ಎರಡು ಗಂಟೆಗೆ ತೋಟಕ್ಕೆ ನೀರು ಬಿಡಕ್ಕೆ ಹೋಗ್ತಾರೆ. ಅವರನ್ನ ಯಾವ ಕಡೆ ಬರೀತೀರಿ?’ ಉಳಿದವರು ನಕ್ಕರು, ಅವನು ನಗಲಿಲ್ಲ. ಅವರ ಕಡೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬರೋದೇ ನಡುರಾತ್ರಿ. ಅಡಿಕೆ ತೋಟ ಇರೋರಿಗೆ ಬಿಡಿಸಿ ಹೇಳೋದು ಬೇಡ, ಬೇಸಿಗೆಯಲ್ಲಿ ನೀರು ತಪ್ಪಿದ್ರೆ ಸೋಗೆ ಜೋಲು ಬೀಳುತ್ತೆ. ಹಣೆಗೆ ಹೆಡ್‌ಲೈಟು, ಕಾಲಿಗೆ ಗಂಬೂಟು, ಹಾವಿಗೆ ಅಂತ ಕೈಯಲ್ಲೊಂದು ದೊಣ್ಣೆ. ಆ ಮನುಷ್ಯನ ರಾತ್ರಿ ಹೀಗೆ.

ಅದಕ್ಕಿಂತ ನನ್ನನ್ನ ಚುಚ್ಚಿದ್ದು ಇನ್ನೊಂದು. ಕ್ಲಾಸಲ್ಲಿ ಕಪ್ಪಗಿರೋ ಹುಡುಗಿ ಒಬ್ಬಳಿದ್ದಾಳೆ. ಹುಡುಗರು ಅವಳಿಗೆ ಇಟ್ಟ ಅಡ್ಡಹೆಸರು ಅಮಾಸೆ. ನಾನು ಕತ್ತಲೆ ಅಂತ ಬರೆದು ಕೆಳಗೆ ಪಾಪ ಅಂತ ಬರೆಯೋ ಹೊತ್ತಿಗೆ ನಾಲ್ಕೈದು ತಲೆ ಅವಳ ಕಡೆ ತಿರುಗಿದ್ವು. ಅವಳು ಪೆನ್ಸಿಲ್ ಕೆತ್ತೋಕೆ ಶುರು ಮಾಡಿದಳು. ಮೊನೆ ಚೆನ್ನಾಗೇ ಇತ್ತು.

ಮನೆಗೆ ಬಂದು ಬೈಬಲಿನ ಯೊವಾನ್ನರ (ಯೋಹಾನರ) ಶುಭಸಂದೇಶ ತೆಗೆದು ಕೂತೆ. ಮೂರನೇ ಅಧ್ಯಾಯದಲ್ಲಿ ನಿಕೊದೇಮ ಯೇಸುವನ್ನ ನೋಡೋಕೆ ರಾತ್ರಿ ಬರ್ತಾನೆ. ಹದಿಮೂರರಲ್ಲಿ ಯೇಸುವನ್ನ ಹಿಡಿದುಕೊಟ್ಟ ಯೂದ ಊಟದಿಂದ ಎದ್ದು ಹೊರಗೆ ಹೋಗ್ತಾನೆ; ಆಗಲೂ ರಾತ್ರಿಯಾಗಿತ್ತು ಅಂತ ಬಿಡದೆ ಬರೆದಿದೆ. ನಿಕೊದೇಮ ಕೊನೆಗೆ ಯೇಸುವಿನ ಶವಕ್ಕೆ ಸುಗಂಧದ್ರವ್ಯ ಹೊತ್ತು ತಂದ. ಯೂದನ ಕಥೆ ಗೊತ್ತೇ ಇದೆ. ಹಾಗಿದ್ರೆ ರಾತ್ರಿಯನ್ನ ಗೆರೆಯ ಯಾವ ಕಡೆ ಹಾಕಲಿ? ಬರೋ ಭಾನುವಾರ ಬೋರ್ಡಿನ ಬಲಗಡೆ ಏನು ಬರೆಯಲಿ, ತಿಳಿದವರು ಹೇಳಿ.


ಕಾರ್ಗಲ್ ಲೈನ್‌ಮನ್ (ರಿಟೈರ್ಡ್)

ಟೀಚರೇ, ಕಂಬ ಹತ್ತಿ ಅನ್ನ ತಿಂದೋನು ನಾನು. ಬೆಳಕಿನ ಮಾತು ಬಂದ್ರೆ ಬಾಯಿ ಹಾಕದೆ ಇರಕ್ಕಾಗಲ್ಲ.

ಬೈಬಲಲ್ಲಿ ಪ್ರವಾದಿ ಯೆಶಾಯನ ಒಂಬತ್ತನೇ ಅಧ್ಯಾಯ ನೋಡಿ. ಕ್ರಿಸ್ಮಸ್ ರಾತ್ರಿ ಓದ್ತಾರಲ್ಲ, ಕತ್ತಲಲ್ಲಿ ನಡೀತಿದ್ದ ಜನಕ್ಕೆ ದೊಡ್ಡ ಬೆಳಕು ಕಾಣಿಸ್ತು ಅಂತ. ಯಾರು ಆ ಜನ? ಜೆಬುಲೋನ್, ನಫ್ತಾಲಿ ಸೀಮೆಯವರು. ಅಸ್ಸೀರಿಯದ ಸೈನ್ಯ ತುಳಿದು ಹಾಕಿದ ನೆಲ ಅದು. ಮುಂದಿನ ಸಾಲುಗಳಲ್ಲೇ ನೊಗ ಮುರಿಯೋದು, ದಬ್ಬಾಳಿಕೆ ಮಾಡೋನ ಕೋಲು ಮುರಿಯೋದು, ಸೈನಿಕರ ಬೂಟು ಸುಡೋದು ಎಲ್ಲ ಬರುತ್ತೆ. ಅಲ್ಲಿ ಕತ್ತಲೆ ಅಂದ್ರೆ ಜನದ ಮೇಲೆ ಬಂದು ಬಿದ್ದ ಕಷ್ಟ. ಯೇಸು ಗಲಿಲೇಯಕ್ಕೆ ಬಂದು ನೆಲೆಸಿದಾಗ ಮತ್ತಾಯ ಎತ್ತಿ ಹೇಳೋದೂ ಇದೇ ಮಾತನ್ನ.

ನಮ್ಮ ಶರಾವತಿ ಕಡೆಯವರಿಗೆ ಇದು ಬೇಗ ಅರ್ಥ ಆಗುತ್ತೆ. ಜೋಗದ ಮಹಾತ್ಮ ಗಾಂಧಿ ಪವರ್‌ಹೌಸ್ 1948ರದ್ದು. ಲಿಂಗನಮಕ್ಕಿ ಅಣೆಕಟ್ಟು 1964ರದ್ದು. ಶರಾವತಿ ವಿದ್ಯುದಾಗಾರ ಒಂದರದ್ದೇ 1,035 ಮೆಗಾವ್ಯಾಟ್. ಇಡೀ ರಾಜ್ಯಕ್ಕೆ ಬೆಳಕಾಗಲಿ ಅಂತ ಗದ್ದೆ, ಮನೆ, ದೇವಸ್ಥಾನ ಮುಳುಗಿಸಿಕೊಂಡವರು ಹಿನ್ನೀರಿನಾಚೆ ಚಿಮಣಿ ಬುಡ್ಡಿ ಹಚ್ಚಿಕೊಂಡು ವರ್ಷಗಟ್ಟಲೆ ಕೂತರು. ಆ ಕತ್ತಲೆಗೆ ಯಾರು ಯಾರ ಪಾಪ ಕಾರಣ ಅಂತ ಬರೆಯೋಕೆ ನಿಮ್ಮ ಬೋರ್ಡು ಸಾಲಲ್ಲ.

ಆ ಹುಡುಗನ ಅಪ್ಪನ್ನ ಯೆಶಾಯನ ಜನದ ಜೊತೆ ಬರೀರಿ. ಪಾಪದ ಲೆಕ್ಕ ಏನಿದ್ರೂ ತ್ರೀ ಫೇಸ್ ಟೈಮ್‌ಟೇಬಲ್ ಮಾಡಿದವರು ಕೊಡ್ಲಿ. (ಅದು ನಾನಲ್ಲ, ನಾನು ಫ್ಯೂಸ್ ಹಾಕೋನು ಅಷ್ಟೇ.)


ವಾಕ್ಯ ಮಾತ್ರ

ಇಷ್ಟೆಲ್ಲ ಸುತ್ತುಬಳಸು ಯಾಕೆ? 1 ಯೋಹಾನ 1:5. ದೇವರು ಬೆಳಕು, ಆತನಲ್ಲಿ ಕತ್ತಲೆ ಒಂಚೂರೂ ಇಲ್ಲ. ಮಕ್ಕಳಿಗೆ ಬೇಜಾರಾಗುತ್ತೆ ಅಂತ ದೇವರ ವಾಕ್ಯ ತಿದ್ದೋಕಾಗಲ್ಲ.


ನೈಟ್ ಸಿಸ್ಟರ್, ಶಿವಮೊಗ್ಗ

@ವಾಕ್ಯ ಮಾತ್ರ, ಸರಿ ಅಣ್ಣ, ಆದ್ರೆ ಅಲ್ಲೇ ಬೈಬಲ್ ಮಡಚಬೇಡಿ. ಅದೇ ಪತ್ರದ 2:9ರಿಂದ 11 ಓದಿ. ನಾನು ಬೆಳಕಲ್ಲಿದ್ದೀನಿ ಅಂತ ಹೇಳ್ಕೊಂಡು ಸಹೋದರನನ್ನ ದ್ವೇಷ ಮಾಡೋನು ಇನ್ನೂ ಕತ್ತಲಲ್ಲೇ ಇದ್ದಾನೆ, ಎಲ್ಲಿಗೆ ಹೋಗ್ತಿದ್ದೀನಿ ಅಂತಲೂ ಅವನಿಗೆ ಗೊತ್ತಿಲ್ಲ ಅಂತಿದೆ. ಕತ್ತಲೆ ಯಾವುದು ಅಂತ ಯೋಹಾನನೇ ಹೇಳಿಬಿಟ್ಟ, ನಾವು ತಿದ್ದೋದೇನಿದೆ? ಟೀಚರ್, ಬಲಗಡೆ ಅದನ್ನೇ ಬರೀರಿ. ಆ ಮಗುವಿಗೆ ಅಮಾಸೆ ಅಂತ ಹೆಸರಿಟ್ಟ ಹುಡುಗರು ತಾವು ಯಾವ ಕಡೆ ಅಂತ ತಾವೇ ನೋಡ್ಕೊಳ್ತಾರೆ.

ನಾನು ಸಿಎಸ್‌ಐ (ಪ್ರೊಟೆಸ್ಟೆಂಟ್) ಸಭೆಯವಳು, ಆಸ್ಪತ್ರೆ ನರ್ಸು, ವಾರ್ಡಲ್ಲಿ ನನಗೆ ನೈಟ್ ಜಾಸ್ತಿ. ಕತ್ತಲೆ ಕೆಟ್ಟದ್ದು ಅಂತ ಯಾರು ಹೇಳಿದ್ರೂ ನಾನು ಒಪ್ಪಲ್ಲ. ದೊಡ್ಡ ಟ್ಯೂಬ್‌ಲೈಟೆಲ್ಲ ಆರಿಸಿ ನಮ್ಮ ಟೇಬಲ್ ಮೇಲಿನ ಒಂದು ಲೈಟ್ ಬಿಟ್ಟ ಮೇಲೇ ನೋವಿರೋರಿಗೆ ಕಣ್ಣು ಹತ್ತೋದು. ಡ್ರಿಪ್ ನೋಡೋಕೆ ಹೋದಾಗ ಮೊಬೈಲ್ ಟಾರ್ಚನ್ನ ಅಂಗೈಲಿ ಮುಚ್ಚಿ ಹಿಡೀತೀವಿ, ಬೆರಳ ಸಂದಿಯಿಂದ ಕೆಂಪಗೆ ಬರೋ ಬೆಳಕಲ್ಲೇ ಹನಿ ಎಣಿಸೋದು. ಪೂರ್ತಿ ಬಿಟ್ರೆ ಪಕ್ಕದ ಬೆಡ್ಡಿನ ಅಜ್ಜಿ ಬೈತಾರೆ.

ರಾತ್ರಿ ಪಾಳಿಯವರಿಗೆ ಅಂತಲೇ ಒಂದು ಕೀರ್ತನೆ ಇದೆ, 134. ಮೂರೇ ವಚನ. ರಾತ್ರಿ ಹೊತ್ತು ದೇವಾಲಯದಲ್ಲಿ ನಿಂತು ಸೇವೆ ಮಾಡೋರನ್ನ ಕರೆದು ಹೇಳಿದ್ದು. ಸೀನಾಯಿ ಬೆಟ್ಟದಲ್ಲಿ ಮೋಶೆ ದೇವರ ಹತ್ರ ಹೋಗಿದ್ದೂ ಕಾರ್ಗತ್ತಲೆಯೊಳಕ್ಕೆ (ವಿಮೋಚನಕಾಂಡ 20:21). ಮೋಶೆ ಕಾಲದ ದೇವರ ಗುಡಾರದಲ್ಲಿ ಏಳು ದೀಪದ ಕಂಬ ಇದ್ದದ್ದು ತೆರೆಯ ಈಚೆಗೆ. ತೆರೆಯಾಚೆ, ದೇವರ ಒಡಂಬಡಿಕೆಯ ಪೆಟ್ಟಿಗೆ (ಮಂಜೂಷ) ಇದ್ದ ಮಹಾಪರಿಶುದ್ಧ ಸ್ಥಳದಲ್ಲಿ, ದೀಪವೇ ಇರಲಿಲ್ಲ. ಆ ಹುಡುಗನಿಗೆ ಇದನ್ನ ಹೇಳಿ, ಖುಷಿಯಾಗ್ತಾನೆ.


ಹೊಸನಗರದವ

ನಾನು ಕ್ರೈಸ್ತ ಅಲ್ಲ, ಆದ್ರೂ ಕೇಳ್ತೀನಿ. ದೀಪಾವಳಿಯಲ್ಲಿ ನಮ್ಮ ಕಡೆ ಅಂಟಿಗೆ-ಪಂಟಿಗೆಯೋರು ಜ್ಯೋತಿ ಹಿಡ್ಕೊಂಡು ರಾತ್ರಿಯಿಡೀ ಹಾಡ್ತಾ ಮನೆ ಮನೆಗೆ ಬರ್ತಾರೆ. ಆ ಜ್ಯೋತಿಯಿಂದ ಮನೆಯೋರು ತಮ್ಮ ದೀಪ ಹಚ್ಕೊಂಡು, ಅದಕ್ಕೆ ಎಣ್ಣೆ ಎರೀತಾರೆ. ದಾರೀಲಿ ಆರೋ ಹಾಗಿಲ್ಲ. ಸ್ನೇಹಿತನ ಜೊತೆ ಒಂದ್ಸಲ ಈಸ್ಟರ್ ರಾತ್ರಿ ಚರ್ಚಿಗೆ ಹೋಗಿದ್ದೆ. ಹೊರಗೆ ಬೆಂಕಿ, ಆ ಬೆಂಕಿಯಿಂದ ದೊಡ್ಡ ಮೇಣದಬತ್ತಿ, ಅದರಿಂದ ಎಲ್ಲರ ಕೈಯ ಬತ್ತಿಗೆ. ಎಂತ ಮಾರಾಯ್ರೆ, ಇದು ನಮ್ಮದೇ ಅಲ್ವಾ ಅನ್ನಿಸ್ತು! ನಮ್ಮದಕ್ಕೆ ಅಮಾಸೆ ಕತ್ತಲು, ನಿಮ್ಮದಕ್ಕೆ ಮೇಲೆ ಚಂದ್ರ ಇದ್ದ, ಅಷ್ಟೇ ವ್ಯತ್ಯಾಸ. ಅದು ಯಾವಾಗ್ಲೂ ಹಾಗೇನಾ? ಮತ್ತೆ ಆ ಮೇಣದಬತ್ತಿ ಮೇಲೆ ಇಸವಿ ಬರೆದಿದ್ರಲ್ಲ, ಎಂತಕ್ಕೆ?


ಮಂಡಗದ್ದೆ ಟೀಚರ್

ಎಲ್ಲರಿಗೂ ಧನ್ಯವಾದ. ಸಿಸ್ಟರ್, 2:9 ನೇರ ಬೋರ್ಡಿಗೆ ಹೋಗುತ್ತೆ. ಗೆರೆ ಇರಲಿ, ರಾತ್ರಿಯನ್ನ ಮಾತ್ರ ಅದರ ಯಾವ ಕಡೆಯೂ ಬರೆಯಲ್ಲ.

@ಹೊಸನಗರದವ, ಹೌದು, ಆ ರಾತ್ರಿ ಚಂದ್ರ ಬರ್ತಾನೆ, ಕೆಲವು ವರ್ಷ ಮಾತ್ರ ತಡವಾಗಿ ಹುಟ್ತಾನೆ. ಮಾರ್ಚ್ 21 ಅಥವಾ ಅದರ ನಂತರ ಬರೋ ಹುಣ್ಣಿಮೆ ಕಳೆದ ಮೊದಲ ಭಾನುವಾರವೇ ಈಸ್ಟರ್. ನೀವು ನೋಡಿದ ಆ ಪಾಸ್ಖ (ಈಸ್ಟರ್) ಮೇಣದಬತ್ತಿ ಮೇಲೆ ಒಂದು ಶಿಲುಬೆ, ಗ್ರೀಕಿನ ಮೊದಲ ಮತ್ತು ಕೊನೆಯ ಅಕ್ಷರ, ಆ ವರ್ಷದ ಇಸವಿ. ಕಾಲವೆಲ್ಲ ಕ್ರಿಸ್ತನದ್ದು, ಈ ವರ್ಷವೂ ಸೇರಿ, ಅಂತ. ಐದು ಗಾಯಗಳ ನೆನಪಿಗೆ ಐದು ಧೂಪದ ಕಾಳು ಚುಚ್ಚುತ್ತಾರೆ.

ನಿಮ್ಮ ಪ್ರಶ್ನೆಯಿಂದ ಇನ್ನೊಂದು ವಿಷಯ ನೆನಪಾಯ್ತು. ಆ ಮೇಣದಬತ್ತಿ ಮುಂದೆ ಹಾಡೋ ಪಾಸ್ಖ ಘೋಷಣೆ ಹೊಗಳೋದು ರಾತ್ರಿಯನ್ನೇ. ಇದೇ ಆ ರಾತ್ರಿ, ಇದೇ ಆ ರಾತ್ರಿ ಅಂತ ಮತ್ತೆ ಮತ್ತೆ ಬರುತ್ತೆ. ಕ್ರಿಸ್ತ ಎದ್ದ ಗಳಿಗೆ ಗೊತ್ತಿದ್ದದ್ದು ಆ ರಾತ್ರಿಗೆ ಮಾತ್ರ ಅಂತಲೂ ಇದೆ. ತಮಾಷೆ ಅಂದ್ರೆ ಶತಮಾನಗಳ ಕಾಲ ಇದನ್ನ ಹಾಡ್ತಿದ್ದದ್ದು ಶನಿವಾರ ಬೆಳಿಗ್ಗೆ, ಹಾಡುಹಗಲಲ್ಲಿ. 1951ರಲ್ಲಿ ಪೋಪ್ 12ನೇ ಪಯಸ್ ಅದನ್ನ ರಾತ್ರಿಗೆ ವಾಪಸ್ ತಂದರು. ಈಗ ಕತ್ತಲಾಗೋ ಮೊದಲು ಶುರು ಮಾಡೋ ಹಾಗೇ ಇಲ್ಲ.

ಕ್ರಿಸ್ಮಸ್ ಪಾಠಕ್ಕೂ ಒಂದು ಜಗಳ ಬಾಕಿ ಇಟ್ಕೊಂಡಿದ್ದೀನಿ. ಡಿಸೆಂಬರಿನ ಕತ್ತಲಲ್ಲಿ ಬೆಳಕು ಹುಟ್ಟಿತು ಅನ್ನೋದು ಯೂರೋಪಿನ ಚಳಿಗಾಲದ ಲೆಕ್ಕ. ನಮಗೆ ಡಿಸೆಂಬರ್ ಅಂದ್ರೆ ಅಡಿಕೆ ಒಣಗಿಸೋ ಬಿಸಿಲು. ನಮ್ಮ ಕತ್ತಲೆ ಇಳಿಯೋದು ಆರಿದ್ರೆ ಮಳೆಗೆ, ಜೂನ್ 24ರ ಸ್ನಾನಿಕ ಯೊವಾನ್ನರ ಹಬ್ಬದ ಹೊತ್ತಿಗೆ. ಆಗ ಮಧ್ಯಾಹ್ನವೇ ಲೈಟ್ ಹಾಕಬೇಕು, ಕರೆಂಟ್ ಇದ್ರೆ.

ಲೈನ್‌ಮನ್ ಅಣ್ಣ, ನಿಮ್ಮ ಹತ್ರ ಒಂದು ಕೆಲಸದ ಮಾತು. ಚರ್ಚಿನ ಎದುರಿಗೇ ಹೊಸ ಎಲ್‌ಇಡಿ ಬೀದಿದೀಪ ಹಾಕಿದ್ದಾರೆ. ಅದರ ಕೆಳಗೆ ಬೆಂಕಿ ಹಚ್ಚಿದ್ರೆ ಹಚ್ಚಿದ್ದೇ ಗೊತ್ತಾಗಲ್ಲ. ಆ ರಾತ್ರಿ ಅರ್ಧ ಗಂಟೆ ಆರಿಸೋಕೆ ಯಾರನ್ನ ಕೇಳಬೇಕು?


ಕಾರ್ಗಲ್ ಲೈನ್‌ಮನ್ (ರಿಟೈರ್ಡ್)

ಬೀದಿದೀಪ ಪಂಚಾಯ್ತಿದು, ಕರೆಂಟ್ ಆಫೀಸಿಗೆ ಅಲೀಬೇಡಿ. ಪಿಡಿಓಗೆ ಒಂದು ಅರ್ಜಿ ಬರ್ಕೊಡಿ. ಲೈಟ್ ಹಾಕಿಸಿ ಅಂತ ಅರ್ಜಿ ನೋಡಿ ನೋಡಿ ಸಾಕಾಗಿರುತ್ತೆ, ಆರಿಸಿ ಅಂದ್ರೆ ಖುಷಿಯಿಂದ ಒಪ್ತಾರೆ. ಎಷ್ಟೋ ಊರಲ್ಲಿ ನೀರು ಬಿಡೋನೇ ಬೀದಿದೀಪದ ಸ್ವಿಚ್ಚನ್ನೂ ನೋಡ್ಕೊಳ್ಳೋದು, ಅವನಿಗೂ ಒಂದು ಮಾತು ಹೇಳಿಡಿ. ಸೆನ್ಸರ್ ಇರೋ ದೀಪ ಆದ್ರೆ ಸ್ವಿಚ್ಚಿಗೆ ಬಗ್ಗಲ್ಲ, ಫ್ಯೂಸೇ ತೆಗೀಬೇಕು. ಅದನ್ನ ಗೊತ್ತಿರೋರ ಕೈಲಿ ಮಾಡಿಸಿ. ನೀವು ಏಣಿ ಹಾಕ್ಬೇಡಿ, ಫಾದರನ್ನೂ ಹತ್ತಿಸ್ಬೇಡಿ.