ಅಪ್‌ಡೇಟ್: ಗಾಳಿ ಬೀಸಿದರೆ ನೆಟ್ ಹೋಗುತ್ತಿದ್ದ ಸಮಸ್ಯೆ ಬಗೆಹರಿಯಿತು

ಜಯನಗರದ ನಮ್ಮ ಮನೆಯಲ್ಲಿ ಗಾಳಿ ಬೀಸಿದಾಗಲೆಲ್ಲ ಫೈಬರ್ ನೆಟ್ ಕಟ್ ಆಗುತ್ತದೆ, ಏನು ಮಾಡಲಿ ಅಂತ ಇಲ್ಲಿ ಕೇಳಿದ್ದೆ. ಈಗ ಸರಿಹೋಗಿದೆ.

ವೈಫೈ ಚಾನೆಲ್, ಡಿಎನ್ಎಸ್ (ವೆಬ್‌ಸೈಟ್ ಹೆಸರಿನಿಂದ ಅದರ ವಿಳಾಸ ಹುಡುಕುವ ಸೆಟ್ಟಿಂಗ್) ಬದಲಿಸಿದ್ದು ಉಪಯೋಗಕ್ಕೆ ಬರಲಿಲ್ಲ. ಲ್ಯಾನ್ ಕೇಬಲ್ ಹಾಕಿದರೂ ಕಟ್ ಆಗುತ್ತಿತ್ತು. ಅಂದರೆ ತೊಂದರೆ ವೈಫೈದಲ್ಲ.

ಕೆಲಸಕ್ಕೆ ಬಂದದ್ದು, ರೂಟರ್‌ನ ಸೆಟ್ಟಿಂಗ್ಸ್ ಪೇಜಿನಲ್ಲಿ ಆಪ್ಟಿಕಲ್ ಪವರ್ (ಫೈಬರ್‌ನಲ್ಲಿ ಬರುವ ಬೆಳಕಿನ ಬಲ) ನೋಡಿ ಎಂದವರ ಸಲಹೆ. ಸುಮ್ನಿದ್ದಾಗ ಮೈನಸ್ 26 ಡಿಬಿಎಂ (ಆ ಬಲದ ಅಳತೆ; ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಡಿಮೆ), ಗಾಳಿ ಬಂದರೆ ಮೈನಸ್ 29. ಮೈನಸ್ 27ಕ್ಕಿಂತ ಕೆಳಗಿಳಿದರೆ ಲೈನ್ ನಿಲ್ಲುವುದು ಕಷ್ಟ. ಇದರ ಸ್ಕ್ರೀನ್‌ಶಾಟ್ ಕಳಿಸಿದ ಮೇಲೆಯೇ ಲೈನ್‌ಮ್ಯಾನ್ ಬಂದರು. ರಸ್ತೆಯ ಹೊಂಗೆ ಮರದ ಕೊಂಬೆಗೆ ಸಿಕ್ಕಿ ಫೈಬರ್ ಮಡಚಿಕೊಂಡಿತ್ತು. ತುಂಡಾಗದಿದ್ದರೂ, ಜಾಸ್ತಿ ಬಾಗಿದ ಕಡೆ ಬೆಳಕು ಸೋರಿಹೋಗುತ್ತದೆ ಅಂತ ಆಗಲೇ ಗೊತ್ತಾಗಿದ್ದು!

ಹೊಸ ವೈರ್ ಎಳೆದರು, ಈಗ ಮೈನಸ್ 21. ನಿನ್ನೆಯ ಗಾಳಿ ಮಳೆಯಲ್ಲೂ ಮಗಳ ಕ್ಲಾಸ್ ನಿಲ್ಲಲಿಲ್ಲ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.